ಎರಡು ದಿನಚರಿ ಬರೆದ ಕ್ಯಾಪ್ಟನ್: ಜಾನ್ ನ್ಯೂಟನ್ ಮತ್ತು ಗೋಡೆಯ ಮೇಲಿನ ವಚನ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

 ಇವತ್ತು ಹದಿನೆಂಟನೇ ಶತಮಾನದ ಒಬ್ಬ ಇಂಗ್ಲಿಷ್ ಹಡಗಿನ ಕ್ಯಾಪ್ಟನ್ ಬಗ್ಗೆ ಮಾತಾಡೋಣ. ಹೆಸರು ಜಾನ್ ನ್ಯೂಟನ್. ಹೆಸರು ಗೊತ್ತಿಲ್ಲದಿದ್ದರೂ ಅವನ ಹಾಡು ಕೇಳಿರ್ತೀರಿ, ‘ಅಮೇಜಿಂಗ್ ಗ್ರೇಸ್’. ಬೆಂಗಳೂರಿನ ಚರ್ಚುಗಳಲ್ಲೂ ಹಾಡ್ತಾರೆ, ಮಂಗಳೂರಿನಲ್ಲೂ ಹಾಡ್ತಾರೆ, ಸಿನಿಮಾಗಳಲ್ಲಿ ಸಾವಿನ ದೃಶ್ಯ ಬಂದರೆ ಬ್ಯಾಗ್‌ಪೈಪ್‌ನಲ್ಲಿ ನುಡಿಸ್ತಾರೆ.

ಈ ಹಾಡಿನ ಜೊತೆ ಒಂದು ಕಥೆಯೂ ಓಡಾಡುತ್ತೆ. ವಾಟ್ಸಾಪ್‌ನಲ್ಲಿ ಬಂದಿರಬಹುದು, ಭಾನುವಾರದ ಪ್ರಸಂಗದಲ್ಲಿ ಕೇಳಿರಬಹುದು. ಗುಲಾಮರನ್ನು ಸಾಗಿಸುತ್ತಿದ್ದ ಒಬ್ಬ ಕ್ರೂರ ಕ್ಯಾಪ್ಟನ್. ನಡುಸಮುದ್ರದಲ್ಲಿ ಬಿರುಗಾಳಿ. ಹಡಗು ಇನ್ನೇನು ಮುಳುಗಬೇಕು ಅನ್ನುವಾಗ ಮೊಣಕಾಲೂರಿ ಪ್ರಾರ್ಥನೆ ಮಾಡಿದ. ದೇವರು ಉಳಿಸಿದ. ಕೂಡಲೇ ಹಡಗು ತಿರುಗಿಸಿ ಗುಲಾಮರನ್ನೆಲ್ಲ ಬಿಡುಗಡೆ ಮಾಡಿ, ಕೂತು ಹಾಡು ಬರೆದ.

ಕಥೆ ಚೆನ್ನಾಗಿದೆ. ನಡೆದದ್ದು ಮಾತ್ರ ಹೀಗಲ್ಲ. ಬಿರುಗಾಳಿ ಬಂದದ್ದು 1748ರ ಮಾರ್ಚ್‌ನಲ್ಲಿ. ಆಗ ನ್ಯೂಟನ್‌ಗೆ 22 ವರ್ಷ, ಅವನು ಕ್ಯಾಪ್ಟನ್ ಆಗಿರಲಿಲ್ಲ, ಆ ಹಡಗಿನಲ್ಲಿ ಗುಲಾಮರೂ ಇರಲಿಲ್ಲ. ಗುಲಾಮರ ಹಡಗಿಗೆ ಅವನು ಕ್ಯಾಪ್ಟನ್ ಆದದ್ದು 1750ರಲ್ಲಿ, ಅಂದರೆ ದೇವರ ಕಡೆ ತಿರುಗಿದ ಮೇಲೆ. ಆ ಹಾಡು ಬಂದದ್ದು 1773ರಲ್ಲಿ. ಗುಲಾಮರ ವ್ಯಾಪಾರ ಅನ್ಯಾಯ ಅಂತ ಅವನು ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಗೂ ಆ ಬರಹಕ್ಕೂ ಮಧ್ಯೆ 40 ವರ್ಷ.

ಈ 40 ವರ್ಷವೂ ಅವನು ಸತ್ಯವೇದ ಓದುತ್ತಲೇ ಇದ್ದ. ಕಾಟಾಚಾರದ ಓದಲ್ಲ ಅದು. ಗ್ರೀಕ್ ಕಲಿತ, ಹೀಬ್ರೂ ಕಲಿತ. ದಿನಾ ತನ್ನ ಮನಸ್ಸನ್ನು ವಾಕ್ಯದ ಮುಂದೆ ಇಟ್ಟು ಪರೀಕ್ಷೆ ಮಾಡಿಕೊಂಡ, ಅದನ್ನು ಬರೆದೂ ಇಟ್ಟ. ಇಷ್ಟು ಪ್ರಾಮಾಣಿಕವಾಗಿ ತನ್ನೊಳಗೆ ನೋಡಿಕೊಂಡವನಿಗೆ ತನ್ನ ಹಡಗಿನ ಕೆಳ ಅಂತಸ್ತಿನಲ್ಲಿ ಸರಪಳಿ ಹಾಕಿಸಿಕೊಂಡು ಮಲಗಿದ್ದ ಜನ ಯಾಕೆ ಕಾಣಲಿಲ್ಲ? ಇದು ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ.

ಕ್ರೈಸ್ತರಲ್ಲದ ಕೇಳುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಪ್ರಭುಭೋಜನಕ್ಕೆ ಮುಂಚೆ ಸಭಾಪಾಲಕರು ಒಂದು ಎಚ್ಚರಿಕೆ ಕೊಡ್ತಾರೆ, ನಿಮ್ಮನ್ನು ನೀವು ಪರಿಶೋಧಿಸಿಕೊಂಡು ಬನ್ನಿ ಅಂತ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೇ ಅಧ್ಯಾಯದಿಂದ ಬಂದ ಪದ್ಧತಿ ಇದು. ಯಾಕೋಬನ ಪತ್ರಿಕೆಯಲ್ಲಿ ಒಂದು ಕನ್ನಡಿಯ ಹೋಲಿಕೆ ಇದೆ. ವಾಕ್ಯ ಕೇಳಿಯೂ ಅದರಂತೆ ನಡೆಯದವನನ್ನು, ಕನ್ನಡಿ ನೋಡಿ ಆಚೆ ಹೋದ ತಕ್ಷಣ ತನ್ನ ಮುಖವನ್ನೇ ಮರೆಯುವವನಿಗೆ ಹೋಲಿಸಿದ್ದಾನೆ. ಇಂಗ್ಲೆಂಡಿನ ಪ್ಯೂರಿಟನ್ನರು ಈ ಕನ್ನಡಿ ನೋಡುವ ಕೆಲಸವನ್ನು ದಿನನಿತ್ಯದ ಶಿಸ್ತು ಮಾಡಿಕೊಂಡರು. ಅಂಗಡಿಯವನು ರಾತ್ರಿ ಬಾಗಿಲು ಹಾಕುವ ಮೊದಲು ಲೆಕ್ಕ ಬರೆಯುವ ಹಾಗೆ ಮಲಗುವ ಮುಂಚೆ ಆತ್ಮದ ಲೆಕ್ಕ ಬರೆಯೋದು. ಇವತ್ತು ಯಾವ ವಾಕ್ಯ ಓದಿದೆ, ಎಲ್ಲಿ ಎಡವಿದೆ, ಮನಸ್ಸು ಎಲ್ಲಿ ತಣ್ಣಗಾಯಿತು. ನ್ಯೂಟನ್‌ನ ತಾಯಿ ಎಲಿಜಬೆತ್ ಇಂಥದೇ ಪರಂಪರೆಯವಳು. ಮಗ ಪಾದ್ರಿ ಆಗಲಿ ಅಂತ ಆಸೆಪಟ್ಟು ಚಿಕ್ಕಂದಿನಿಂದಲೇ ವಾಕ್ಯ ಬಾಯಿಪಾಠ ಮಾಡಿಸಿದಳು. ಅವನಿಗೆ ಏಳು ತುಂಬುವ ಮುಂಚೆಯೇ ಕ್ಷಯದಿಂದ ತೀರಿಕೊಂಡಳು.

ಅಪ್ಪ ಹಡಗಿನ ಕ್ಯಾಪ್ಟನ್. ಹುಡುಗ ಸಮುದ್ರಕ್ಕೆ ಹೋದ. ಮುಂದಿನ ಹತ್ತು ಹದಿನೈದು ವರ್ಷದ ಕಥೆ ದೊಡ್ಡದು, ಚುಟುಕಾಗಿ ಹೇಳಿಬಿಡ್ತೀನಿ. 1744ರಲ್ಲಿ ಬಲವಂತವಾಗಿ ನೌಕಾಪಡೆಗೆ ಎಳೆದುಕೊಂಡು ಹೋದರು. ಓಡಿಹೋಗಲು ನೋಡಿ ಸಿಕ್ಕಿಬಿದ್ದ, ಚಾಟಿ ಏಟು ತಿಂದ. ಅಲ್ಲಿಂದ ಗುಲಾಮರ ಹಡಗೊಂದಕ್ಕೆ ಬಂದು, ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಒಬ್ಬ ಬಿಳಿಯ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ನಿಂತ. ಅಲ್ಲಿ ಕಾಯಿಲೆ ಬಿದ್ದಾಗ ಆ ವ್ಯಾಪಾರಿಯ ಜೊತೆಗಿದ್ದ ಆಫ್ರಿಕನ್ ಹೆಂಗಸು ಇವನನ್ನು ಆಳಿಗಿಂತ ಕಡೆಯಾಗಿ ನಡೆಸಿಕೊಂಡಳು. ಆಗ ತಮ್ಮ ಪಾಲಿನ ಊಟದಲ್ಲಿ ಕದ್ದುಮುಚ್ಚಿ ಇವನಿಗೆ ಕೊಟ್ಟವರು ಯಾರು ಗೊತ್ತಾ? ಸರಪಳಿಯಲ್ಲಿದ್ದ ಗುಲಾಮರು. ಇದನ್ನು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಈ ಸಂಗತಿ ನೆನಪಿಟ್ಟುಕೊಳ್ಳಿ.

‘ಗ್ರೇಹೌಂಡ್’ ಅನ್ನುವ ಹಡಗು ಅವನನ್ನು ಅಲ್ಲಿಂದ ಕರೆತಂದಿತು. ಜೇನುಮೇಣ, ಮರದ ದಿಮ್ಮಿ ತುಂಬಿದ್ದ ಹಡಗು. ಬಿರುಗಾಳಿಗೆ ಪಕ್ಕದ ಹಲಗೆಗಳು ಕಿತ್ತುಹೋದವು. ಸರಕು ಹಗುರವಾಗಿದ್ದದ್ದರಿಂದಲೇ ಮುಳುಗಲಿಲ್ಲ. ಗಂಟೆಗಟ್ಟಲೆ ಪಂಪು ಹೊಡೆದು ಸುಸ್ತಾಗಿ ಚುಕ್ಕಾಣಿ ಹಿಡಿದು ನಿಂತಾಗ, ಅಮ್ಮ ಬಾಯಿಪಾಠ ಮಾಡಿಸಿದ್ದ ವಾಕ್ಯಗಳು ಒಂದೊಂದಾಗಿ ನೆನಪಿಗೆ ಬಂದವು. ಮೊದಲು ಬಂದದ್ದು ಹೆದರಿಸುವಂಥವು. ಜ್ಞಾನೋಕ್ತಿಗಳ ಮೊದಲ ಅಧ್ಯಾಯದಲ್ಲಿ, ಕರೆದಾಗ ಬಾರದವನು ಕೊನೆಗೆ ಕೂಗಿದರೆ ಉತ್ತರ ಸಿಗೋದಿಲ್ಲ ಅನ್ನುವ ಭಾಗ ಇದೆಯಲ್ಲ, ಅದು. ನನ್ನ ಕಥೆ ಮುಗಿಯಿತು ಅಂದುಕೊಂಡ. ಆಮೇಲಿನ ದಿನಗಳಲ್ಲಿ ಲೂಕನ ಸುವಾರ್ತೆ ಹಿಡಿದ. ದುಂದುಗಾರ ಮಗನ ಕಥೆ ತನ್ನದೇ ಅನ್ನಿಸಿತು. ನಾಲ್ಕು ವಾರದ ಮೇಲೆ ಹಡಗು ಐರ್ಲೆಂಡಿನ ದಡ ಸೇರಿದಾಗ ಅವನು ನಾಸ್ತಿಕನಾಗಿ ಉಳಿದಿರಲಿಲ್ಲ. ಆದರೆ ಪೂರ್ತಿ ವಿಶ್ವಾಸಿ ಅಂತ ಆಗ ಹೇಳಿಕೊಳ್ಳೋಕಾಗಲ್ಲ ಅಂತ ಮುಂದೆ ಅವನೇ ಬರೆದಿದ್ದಾನೆ.

ಆಮೇಲೆ ಏನು ಬಿಟ್ಟ? ಆಣೆ ಹಾಕಿ ಬೈಯೋದನ್ನು ಬಿಟ್ಟ. ದೇವನಿಂದೆ ಬಿಟ್ಟ. 1750ರಲ್ಲಿ ಮೇರಿ ಕ್ಯಾಟ್ಲೆಟ್ ಅನ್ನುವ, ಎಷ್ಟೋ ವರ್ಷದಿಂದ ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಿ ಒಳ್ಳೆಯ ಗಂಡನಾದ. ಅದೇ ವರ್ಷ ಲಿವರ್‌ಪೂಲ್‌ನಿಂದ ‘ಡ್ಯೂಕ್ ಆಫ್ ಆರ್ಗೈಲ್’ ಹಡಗಿನ ಕ್ಯಾಪ್ಟನ್ ಆಗಿ, ಗುಲಾಮರನ್ನು ತರಲು ಆಫ್ರಿಕಾಕ್ಕೆ ಹೊರಟ.

ಇಲ್ಲಿಂದ ನಮಗೆ ಎರಡು ಪುಸ್ತಕ ಸಿಗುತ್ತವೆ. ಎರಡೂ ಒಂದೇ ಕೈಬರಹ. ಒಂದು ಹಡಗಿನ ಲಾಗ್ ಪುಸ್ತಕ, ಈಗ ಲಂಡನ್ನಿನ ಗ್ರೀನಿಚ್‌ನಲ್ಲಿರುವ ನೌಕಾ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು ಆತ್ಮದ ದಿನಚರಿ, 1751ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು, ಈಗ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದೆ. ಎರಡರ ನಡುವೆ ಒಂದು ಮಹಾಸಾಗರ ಇದೆ. ನನಗೆ ಇದು ಬರೀ ಭೂಗೋಳದ ವಿಷಯ ಅನ್ನಿಸೋದಿಲ್ಲ.

ದಿನಚರಿಯಲ್ಲಿರೋದು ನಿಜವಾದ ಒಬ್ಬ ಭಕ್ತ. ಪ್ರಾರ್ಥನೆ, ವೇದಪಠಣ, ಮನಸ್ಸು ಅಲೆದಾಡಿದ್ದಕ್ಕೆ ನೋವು, ದೇವರ ಉಪಕಾರ ಮರೆತೆನಲ್ಲ ಅನ್ನುವ ನಾಚಿಕೆ. ಲಾಗ್ ಪುಸ್ತಕದಲ್ಲಿ ಗಾಳಿ ಯಾವ ಕಡೆಯಿಂದ, ಎಷ್ಟು ಆಳ, ಎಷ್ಟು ಜನರನ್ನು ಕೊಂಡೆ, ಎಷ್ಟು ಬೆಲೆ. ಸತ್ತವರ ದಾಖಲೆಯಲ್ಲಿ ಹೆಸರಿಲ್ಲ, ನಂಬರ್ ಇದೆ. ಗಂಡು, ಹೆಂಗಸು, ಹುಡುಗಿ, ಮುಂದೆ ಒಂದು ಅಂಕಿ, ರಕ್ತಭೇದಿಯೋ ಮತ್ತೊಂದೋ ಕಾಯಿಲೆ, ಸಮುದ್ರಕ್ಕೆ ಹಾಕಲಾಯಿತು. ಭಾನುವಾರ ಇದೇ ಕ್ಯಾಪ್ಟನ್ ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. ಮೇಲೆ ಪ್ರಾರ್ಥನೆ, ಕಾಲ ಕೆಳಗಿನ ಹಲಗೆಯ ಅಡಿಯಲ್ಲಿ ಜನ.

1752ರ ಡಿಸೆಂಬರ್ 11ರ ಪುಟವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಆಗ ಅವನು ‘ಆಫ್ರಿಕನ್’ ಅನ್ನುವ ಹಡಗಿನ ಕ್ಯಾಪ್ಟನ್. ಗುಲಾಮರು ದಂಗೆ ಏಳಲು ಸಂಚು ಮಾಡಿದ್ದಾರೆ ಅನ್ನೋದು ಆ ದಿನ ಗೊತ್ತಾಯಿತು. ಹುಡುಕಿಸಿದಾಗ ಚಾಕು, ಕಲ್ಲು, ಒಂದು ಉಳಿ ಸಿಕ್ಕವು. ಮಕ್ಕಳಿಗೆ ಸಾಮಾನ್ಯವಾಗಿ ಬೇಡಿ ಹಾಕುತ್ತಿರಲಿಲ್ಲ, ಹಾಗಾಗಿ ಹಡಗಿನಲ್ಲಿ ಓಡಾಡಿ ಇವನ್ನೆಲ್ಲ ಒದಗಿಸಿದ್ದು ಹುಡುಗರು ಅಂತ ತೀರ್ಮಾನವಾಯಿತು. ಆ ಹುಡುಗರಿಗೆ ಬೇಡಿ ಹಾಕಿಸಿ, ಹೆಬ್ಬೆರಳಿಗೆ ತಿರುಪು ಬಿಗಿಸಿದ. ಹೆಬ್ಬೆರಳನ್ನು ಎರಡು ಕಬ್ಬಿಣದ ಪಟ್ಟಿಯ ಮಧ್ಯೆ ಇಟ್ಟು ತಿರುಪು ತಿರುಗಿಸುತ್ತಾ ಹೋಗುವ ಉಪಕರಣ ಅದು. ‘ಸ್ವಲ್ಪವೇ’ ಬಿಗಿಸಿದ್ದು ಅಂತ ಬರೆದಿದ್ದಾನೆ. ಸಂಚು ಸಕಾಲಕ್ಕೆ ಬಯಲಾದದ್ದು ದೇವರ ಅನುಗ್ರಹದಿಂದ ಅಂತಲೂ ಬರೆದಿದ್ದಾನೆ. ತಿರುಪು ಬಿಗಿದದ್ದು ಯಾಕೆ? ಹುಡುಗರು ಪೂರ್ತಿ ತಪ್ಪೊಪ್ಪಿಗೆ ಕೊಡಲಿ ಅಂತ. ಇಂಗ್ಲಿಷಿನಲ್ಲಿ ಅವನು ಬಳಸಿದ ಪದ ‘ಕನ್ಫೆಷನ್’. ಕ್ರೈಸ್ತರಿಗೆ ಚೆನ್ನಾಗಿ ಪರಿಚಯವಿರುವ ಪದ. ಅವನ ಆತ್ಮದ ದಿನಚರಿಯ ಕೆಲಸವೇ ಅದು.

ಇವನನ್ನು ಕಪಟಿ ಅಂತ ಕರೆದು ಮುಗಿಸಿಬಿಡಬಹುದು. ನನಗೆ ಆ ಉತ್ತರ ಒಪ್ಪಿಗೆಯಿಲ್ಲ, ತೀರಾ ಸುಲಭದ್ದು. ಕಪಟಿಗೆ ತಾನು ಮಾಡ್ತಿರೋದು ಗೊತ್ತಿರುತ್ತೆ. ಇವನಿಗೆ ಆ ಕೆಲಸ ಅಸಹ್ಯ ಅನ್ನಿಸಿತ್ತು, ಅದು ನಿಜ. ಬೀಗ, ಬೇಡಿ, ಸರಪಳಿಗಳ ಮಧ್ಯೆ ಜೈಲರ್ ಥರ ಬದುಕೋದು ಬೇಸರ, ಇನ್ನೊಂದು ಒಳ್ಳೆಯ ಉದ್ಯೋಗ ಕೊಡು ಅಂತ ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ ಅಂತ 1764ರ ಆತ್ಮಕಥೆಯಲ್ಲಿ ಹೇಳ್ತಾನೆ. ಆದರೆ ಅದು ತಪ್ಪು ಅನ್ನುವ ಸಣ್ಣ ಸಂಶಯವೂ ಬರಲಿಲ್ಲವಂತೆ. ದೇವರು ತನಗೆ ಗೊತ್ತುಮಾಡಿದ ಕಸುಬು ಅಂದುಕೊಂಡಿದ್ದನಂತೆ.

1754ರ ಆಗಸ್ಟ್‌ನಲ್ಲಿ ಮೂರನೇ ಪ್ರಯಾಣ ಮುಗಿಸಿ ಲಿವರ್‌ಪೂಲ್‌ಗೆ ಬಂದ. ಆ ಸಲ ಹಡಗಿನಲ್ಲಿ ಒಂದೂ ಸಾವಾಗಿರಲಿಲ್ಲ. ಆ ವ್ಯಾಪಾರದಲ್ಲಿ ಅದು ಬಹಳ ಅಪರೂಪ. ಲಿವರ್‌ಪೂಲ್‌ನ ಚರ್ಚುಗಳಲ್ಲಿ ಅದಕ್ಕಾಗಿ ಸ್ತೋತ್ರ ಸಲ್ಲಿಸಿದ. ಆ ಗುಲಾಮರನ್ನೆಲ್ಲ ಸೇಂಟ್ ಕಿಟ್ಸ್ ದ್ವೀಪದಲ್ಲಿ ಮಾರಿ ಬಂದಿದ್ದ. ಅಲ್ಲೇ ಅವನಿಗೆ ಅಲೆಕ್ಸಾಂಡರ್ ಕ್ಲೂನಿ ಅನ್ನುವ ಇನ್ನೊಬ್ಬ ಕ್ಯಾಪ್ಟನ್ ಸಿಕ್ಕಿದ್ದ, ಒಳ್ಳೆಯ ವಿಶ್ವಾಸಿ. ಸುಮಾರು ಒಂದು ತಿಂಗಳು, ಸಂಜೆಯಾದರೆ ಒಬ್ಬರ ಹಡಗಿಗೆ ಇನ್ನೊಬ್ಬರು ಹೋಗಿ ಕೃಪೆಯ ಬಗ್ಗೆ, ರಕ್ಷಣೆಯ ಭರವಸೆಯ ಬಗ್ಗೆ ಮಾತಾಡಿದರು. ತನ್ನ ಆತ್ಮಿಕ ಜೀವನಕ್ಕೆ ಅದು ದೊಡ್ಡ ತಿರುವು ಅಂತ ನ್ಯೂಟನ್ ಬರೆದಿದ್ದಾನೆ. ಒಂದು ತಿಂಗಳ ಮಾತುಕತೆ, ಅದೂ ಗುಲಾಮರ ಮಾರುಕಟ್ಟೆ ಇದ್ದ ದ್ವೀಪದಲ್ಲಿ!

ಅವನು ಸಮುದ್ರ ಬಿಟ್ಟದ್ದೂ ಮನಸ್ಸಾಕ್ಷಿಯಿಂದಲ್ಲ. ಅದೇ ವರ್ಷ ನಾಲ್ಕನೇ ಪ್ರಯಾಣಕ್ಕೆ ಎಲ್ಲ ಸಿದ್ಧವಾಗಿತ್ತು. ಮೇರಿಯ ಜೊತೆ ಚಹಾ ಕುಡಿಯುತ್ತಾ ಕೂತಿದ್ದಾಗ ಮೂರ್ಛೆ ಬಂದು ಬಿದ್ದ. ವೈದ್ಯರು ಹೋಗಬೇಡ ಅಂದರು, ನಿಂತ.

“ಆ ಕಾಲವೇ ಹಾಗಿತ್ತು ಬಿಡಿ” ಅನ್ನುವವರು ಇರ್ತಾರೆ. ಹಾಗಾದರೆ ಅದೇ ಕಾಲದ ಇನ್ನೊಬ್ಬನನ್ನು ನೋಡಿ. ಅಮೆರಿಕದ ನ್ಯೂಜೆರ್ಸಿಯ ಜಾನ್ ವುಲ್ಮನ್, ಕ್ವೇಕರ್ ಪಂಥದವನು, ನ್ಯೂಟನ್‌ಗಿಂತ ಐದು ವರ್ಷ ದೊಡ್ಡವನು. ಇಪ್ಪತ್ತರ ಆಸುಪಾಸಿನಲ್ಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಮಾಲೀಕ ಒಬ್ಬ ಕಪ್ಪು ಹೆಂಗಸನ್ನು ಮಾರಿದ, ಕ್ರಯಪತ್ರ ಬರಿ ಅಂದ. ಕೊಳ್ಳುವವನೂ ಕ್ವೇಕರ್, ವಯಸ್ಸಾದವನು, ಪಕ್ಕದಲ್ಲೇ ಕಾಯುತ್ತಿದ್ದ. ವುಲ್ಮನ್ ಬರೆದುಕೊಟ್ಟ. ಆದರೆ ಇಬ್ಬರ ಮುಂದೆಯೇ, ಗುಲಾಮರನ್ನು ಇಟ್ಟುಕೊಳ್ಳೋದು ಕ್ರೈಸ್ತ ಧರ್ಮಕ್ಕೆ ಒಪ್ಪುವಂಥದ್ದಲ್ಲ ಅಂತ ನನಗನ್ನಿಸುತ್ತೆ ಅಂದ. ಬರೆದುಕೊಟ್ಟದ್ದು ಮಾತ್ರ ಅವನನ್ನು ಬಿಡದೆ ಕೊರೆಯಿತು. ಇನ್ನೊಂದು ಸಲ ಯಾರೋ ಅಂಥದೇ ಪತ್ರ ಬರೆಯಲು ಕೇಳಿದಾಗ ಆಗಲ್ಲ ಅಂದ. ಗುಲಾಮಗಿರಿಯ ವಿರುದ್ಧ ಅವನ ಮೊದಲ ಪುಸ್ತಿಕೆ ಅಚ್ಚಾದದ್ದು 1754ರಲ್ಲಿ. ನ್ಯೂಟನ್ ಲಿವರ್‌ಪೂಲ್‌ನಲ್ಲಿ ಸ್ತೋತ್ರ ಸಲ್ಲಿಸಿದ ಅದೇ ವರ್ಷ. ಇಬ್ಬರೂ ಓದಿದ್ದು ಒಂದೇ ಸತ್ಯವೇದ.

ಹಾಗಂತ ಸತ್ಯವೇದ ಈ ವಿಷಯದಲ್ಲಿ ಕನ್ನಡಿಯಷ್ಟು ಸ್ಪಷ್ಟ ಅಂತ ನಾನು ಹೇಳ್ತಿಲ್ಲ. ತೋಟದ ಮಾಲೀಕರೂ ಅದರಿಂದಲೇ ವಾದ ಮಾಡ್ತಿದ್ದರು. ಆದಿಕಾಂಡದಲ್ಲಿ ನೋಹನು ಕೊಟ್ಟ ಶಾಪ, ಓಡಿಬಂದ ಆಳು ಒನೇಸಿಮನನ್ನು ಪೌಲ ಯಜಮಾನನ ಹತ್ತಿರ ವಾಪಸ್ ಕಳಿಸಿದ್ದು, ಎಲ್ಲ ಅವರ ಬತ್ತಳಿಕೆಯಲ್ಲಿದ್ದ ಬಾಣಗಳೇ. ನನಗೆ ಕಾಣುವ ವ್ಯತ್ಯಾಸ ಓದಲು ಕೂತಾಗ ಕೇಳಿಕೊಂಡ ಪ್ರಶ್ನೆಯದು. ನ್ಯೂಟನ್ ಕೇಳಿಕೊಂಡದ್ದು ದೇವರ ಮುಂದೆ ನಾನು ಹೇಗಿದ್ದೇನೆ ಅಂತ. ವುಲ್ಮನ್ ಕೇಳಿಕೊಂಡದ್ದು ಈ ನನ್ನ ಕೈ ಈಗ ಏನು ಬರೆಯಿತು ಅಂತ. ಮುಂದೆ ವುಲ್ಮನ್ ಬಣ್ಣ ಹಾಕದ ಬಟ್ಟೆ ತೊಟ್ಟು, ಗುಲಾಮರನ್ನಿಟ್ಟುಕೊಂಡ ಕ್ವೇಕರರ ಮನೆಮನೆಗೆ ಹೋಗಿ, ಮೆಲುದನಿಯಲ್ಲಿ ಇದೇ ವಿಷಯ ಎತ್ತುತ್ತಿದ್ದ. ಉಂಡ ಮನೆಯಲ್ಲಿ ಇಂಥ ಮಾತು ಎತ್ತೋದು ಎಷ್ಟು ಕಷ್ಟ ನೀವೇ ಯೋಚಿಸಿ. 1776ರ ಹೊತ್ತಿಗೆ ಫಿಲಡೆಲ್ಫಿಯಾದ ಕ್ವೇಕರ್ ಸಭೆ, ಗುಲಾಮರನ್ನು ಬಿಡದವರು ನಮ್ಮವರಲ್ಲ ಅಂತ ತೀರ್ಮಾನಿಸಿತು. ವುಲ್ಮನ್ ಅದನ್ನು ನೋಡಲಿಲ್ಲ, 1772ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸಿಡುಬಿನಿಂದ ತೀರಿಕೊಂಡಿದ್ದ.

ನ್ಯೂಟನ್‌ಗೆ ಹಾಗೆ ಮನೆಗೆ ಬಂದು ಹೇಳಿದವರು ಯಾರೂ ಇರಲಿಲ್ಲ.

ಅವನು 1764ರಲ್ಲಿ ಪಾದ್ರಿಯಾಗಿ ಓಲ್ನಿ ಅನ್ನುವ ಸಣ್ಣ ಊರಿಗೆ ಬಂದ. ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡವರ ಊರು. ಒಳ್ಳೆಯ ಪಾದ್ರಿ. ಜನರ ಮನೆಗೆ ಹೋಗುತ್ತಿದ್ದ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹಾಡು ಬರೆಯುತ್ತಿದ್ದ. ಅಲ್ಲಿ ತನ್ನ ಓದುವ ಕೋಣೆಯ ಗೋಡೆಯ ಮೇಲೆ, ಬೆಂಕಿಗೂಡಿನ ಮೇಲ್ಗಡೆ, ಎರಡು ವಚನ ದೊಡ್ಡದಾಗಿ ಬರೆಸಿಕೊಂಡ. ಒಂದು ಯೆಶಾಯ 43ನೇ ಅಧ್ಯಾಯದ 4ನೇ ವಚನ, ನೀನು ನನಗೆ ಅಮೂಲ್ಯ ಅಂತ ದೇವರು ಹೇಳುವ ಮಾತು. ಇನ್ನೊಂದು ಧರ್ಮೋಪದೇಶಕಾಂಡ 15ನೇ ಅಧ್ಯಾಯದ 15ನೇ ವಚನ, ಐಗುಪ್ತದಲ್ಲಿ ದಾಸನಾಗಿದ್ದೆ, ದೇವರು ಬಿಡಿಸಿದ, ಮರೆಯಬೇಡ ಅನ್ನೋದು. ಆಫ್ರಿಕಾದಲ್ಲಿ ತಾನು ಪಟ್ಟ ಪಾಡು, ತನಗೆ ಸಿಕ್ಕ ಬಿಡುಗಡೆ, ದಿನಾ ಕಣ್ಣಿಗೆ ಬೀಳಲಿ ಅಂತ.

ಈಗ ಮನೆಯಲ್ಲಿ ಸತ್ಯವೇದ ಇರುವವರು ಆ 15ನೇ ಅಧ್ಯಾಯ ತೆಗೆದು 12ನೇ ವಚನದಿಂದ ಓದಿ. ಅದು ಗುಲಾಮರ ಬಿಡುಗಡೆಯ ಕಾನೂನು. ಹೀಬ್ರೂ ಗುಲಾಮನೋ ಗುಲಾಮಳೋ ಆರು ವರ್ಷ ಸೇವೆ ಮಾಡಿದ ಮೇಲೆ ಏಳನೇ ವರ್ಷ ಬಿಟ್ಟುಬಿಡಬೇಕು. ಬರಿಗೈಲಿ ಕಳಿಸಬಾರದು, ಕುರಿಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಆಲೆಯಿಂದ ಧಾರಾಳವಾಗಿ ಕೊಟ್ಟು ಕಳಿಸಬೇಕು. ಯಾಕೆ ಅನ್ನುವುದಕ್ಕೆ ಕಾರಣವಾಗಿ ಬರುವ ವಾಕ್ಯವೇ ನ್ಯೂಟನ್‌ನ ಗೋಡೆಯ ಮೇಲಿದ್ದದ್ದು. ಅದು ಸ್ವಜನರಿಗೆ ಸೀಮಿತವಾದ ಕಾನೂನು, ನಿಜ. ಆದರೂ ನೋಡಿ, ಕಾರಣವನ್ನು ಗೋಡೆಗೆ ಬರೆಸಿದ, ಆ ಕಾರಣ ಯಾವ ಕೆಲಸಕ್ಕಾಗಿ ಹೇಳಿದ್ದೋ ಅದು ಪುಸ್ತಕದಲ್ಲೇ ಉಳಿಯಿತು. ತಾನು ಬಿಡುಗಡೆಯಾದವನು ಅನ್ನೋದು ಕಂಡಿತು. ತನ್ನ ಕೈಯಿಂದ ಬಿಡುಗಡೆಯಾಗಬೇಕಿದ್ದವರು, ಅದರಲ್ಲೂ ಹಸಿದಾಗ ತಮ್ಮ ಪಾಲಿನ ಅನ್ನ ಕೊಟ್ಟವರ ಜನ, ಆ ಹೊತ್ತಿಗೆ ಎಲ್ಲಿದ್ದರೋ ಏನಾಗಿದ್ದರೋ.

‘ಅಮೇಜಿಂಗ್ ಗ್ರೇಸ್’ ಹುಟ್ಟಿದ್ದು ಈ ಕೋಣೆಯಲ್ಲೇ. 1773ರ ಜನವರಿ 1ರ ಆರಾಧನೆಗಾಗಿ ಬರೆದದ್ದು. ಆ ದಿನದ ಪ್ರಸಂಗದ ವಾಕ್ಯ ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ 17ನೇ ಅಧ್ಯಾಯದಿಂದ. ನಾನು ಎಷ್ಟರವನು, ನನ್ನನ್ನು ಇಲ್ಲಿಯವರೆಗೆ ತಂದೆಯಲ್ಲ ಅಂತ ದಾವೀದ ಬೆರಗಾಗುವ ಭಾಗ. ಹೊಸ ವರ್ಷದ ದಿನ ಹಿಂದಿನದನ್ನು ತಿರುಗಿ ನೋಡುವ ಹಾಡು. ನಮಗೆಲ್ಲ ಗೊತ್ತಿರುವ ರಾಗ ಅದಕ್ಕೆ ಸೇರಿದ್ದು 1835ರಲ್ಲಿ, ಅಮೆರಿಕದಲ್ಲಿ.

ಇಲ್ಲಿ ಒಂದು ಅಡ್ಡ ಮಾತು. ಅದೇ ಊರಲ್ಲಿ ಕವಿ ವಿಲಿಯಂ ಕೂಪರ್ ಇದ್ದ, ನ್ಯೂಟನ್‌ನ ಆಪ್ತ ಗೆಳೆಯ. ಇಬ್ಬರೂ ಸೇರಿ ಓಲ್ನಿ ಹಾಡುಗಳ ಪುಸ್ತಕ ಮಾಡಿದರು, 1779ರಲ್ಲಿ ಪ್ರಕಟವಾಯಿತು. ಅದೇ 1773ರ ಚಳಿಗಾಲದಲ್ಲಿ ಕೂಪರ್‌ನ ಮನಸ್ಸು ಕುಸಿಯಿತು. ತನ್ನನ್ನು ದೇವರು ಕೈಬಿಟ್ಟಿದ್ದಾನೆ ಅನ್ನುವ ನಂಬಿಕೆ ಕೂತುಬಿಟ್ಟಿತು, ಸಾಯುವವರೆಗೂ ಪೂರ್ತಿ ಬಿಡಲಿಲ್ಲ. ನ್ಯೂಟನ್ ಅವನನ್ನು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡ. ಆತ್ಮಪರೀಕ್ಷೆ ಜಾಸ್ತಿಯಾದರೆ ಒಳ್ಳೆಯದೇ ಅಂತ ತಿಳಿಯುವವರು ಕೂಪರ್‌ನ ಕಥೆ ಓದಬೇಕು. ಒಬ್ಬನಿಗೆ ಕಾಣಬೇಕಾದದ್ದು ಕಾಣಲಿಲ್ಲ, ಇನ್ನೊಬ್ಬನಿಗೆ ಇಲ್ಲದ್ದೇ ಕಂಡಿತು. ವಿಚಿತ್ರ ನೋಡಿ, ನರಕಕ್ಕೆ ಹೋಗುವವನು ಅಂತ ತನ್ನನ್ನು ತಾನೇ ತೀರ್ಮಾನಿಸಿಕೊಂಡಿದ್ದ ಈ ಮನುಷ್ಯ 1788ರಲ್ಲಿ ಗುಲಾಮರ ಬಾಯಿಂದಲೇ ಮಾತಾಡಿಸಿದ ಹಾಡುಗಳನ್ನು ಬರೆದ, ಅವು ಇಂಗ್ಲೆಂಡಿನ ತುಂಬ ಹರಡಿದವು.

ಆ ಹೊತ್ತಿಗೆ ದೇಶದ ಗಾಳಿ ಬದಲಾಗಿತ್ತು. 1774ರಲ್ಲಿ ಜಾನ್ ವೆಸ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಿಕೆ ಬರೆದಿದ್ದ. 1780ರಲ್ಲಿ ನ್ಯೂಟನ್ ಲಂಡನ್ನಿನ ಸೇಂಟ್ ಮೇರಿ ವುಲ್ನಾಥ್ ಚರ್ಚಿಗೆ ಬಂದ. 1785ರ ಡಿಸೆಂಬರ್‌ನಲ್ಲಿ ಒಬ್ಬ ಯುವ ಸಂಸದ ಯಾರಿಗೂ ಗೊತ್ತಾಗದ ಹಾಗೆ ಅವನ ಮನೆ ಬಾಗಿಲಿಗೆ ಬಂದ. ವಿಲಿಯಂ ವಿಲ್ಬರ್‌ಫೋರ್ಸ್. ಹೊಸದಾಗಿ ವಿಶ್ವಾಸಕ್ಕೆ ಬಂದಿದ್ದ, ರಾಜಕೀಯ ಬಿಟ್ಟುಬಿಡಲಾ ಅನ್ನುವ ಗೊಂದಲದಲ್ಲಿದ್ದ. ಬಿಡಬೇಡ, ಅಲ್ಲೇ ಇದ್ದು ದೇವರ ಕೆಲಸ ಮಾಡು ಅಂದ ನ್ಯೂಟನ್. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸಲು ಸಂಘ ಕಟ್ಟಿದರು, ಅದರಲ್ಲಿ ಹೆಚ್ಚಿನವರು ಕ್ವೇಕರರು. ಕೊನೆಗೂ ಆ ವಿಷಯ ನ್ಯೂಟನ್‌ನ ಮನೆ ಬಾಗಿಲಿಗೆ ಬಂದಿತ್ತು. 1788ರಲ್ಲಿ ತನ್ನ 62ನೇ ವಯಸ್ಸಿನಲ್ಲಿ ‘ಆಫ್ರಿಕದ ಗುಲಾಮ ವ್ಯಾಪಾರದ ಬಗ್ಗೆ ವಿಚಾರಗಳು’ ಅನ್ನುವ ಅರ್ಥದ ಹೆಸರಿನ ಪುಸ್ತಿಕೆ ಪ್ರಕಟಿಸಿದ.

ಅದರಲ್ಲಿ ಅವನು ಹಳೆಯ ಪದವನ್ನೇ ಮತ್ತೆ ಬಳಸಿದ್ದಾನೆ. ‘ಕನ್ಫೆಷನ್’. ಬಹಿರಂಗ ತಪ್ಪೊಪ್ಪಿಗೆ ಕೊಟ್ಟು ನಾಚಿಕೆ ಹೊತ್ತುಕೊಳ್ಳೋದು ನನ್ನ ಮನಸ್ಸಾಕ್ಷಿಯ ಕರ್ತವ್ಯ, ಆದರೆ ಆದ ಅನಾಹುತ ತಡೆಯುವುದಕ್ಕೂ ಸರಿಪಡಿಸುವುದಕ್ಕೂ ಈ ತಪ್ಪೊಪ್ಪಿಗೆ ತಡವಾಯಿತು ಅಂತ. ತಪ್ಪು ಅಂತ ಆಗಲೇ ಅನ್ನಿಸಿದ್ದರೆ ಬೇಗ ಬಿಡುತ್ತಿದ್ದೆನೇನೋ, ಆದರೆ ಅನ್ನಿಸಲೇ ಇಲ್ಲ, ಯಾವ ಸ್ನೇಹಿತನೂ ನನಗೆ ಅದನ್ನು ಸೂಚಿಸಲೂ ಇಲ್ಲ ಅಂತ. ಈ ಕೊನೆಯ ಮಾತು ಓದಿದಾಗ ನನಗೆ ಸೇಂಟ್ ಕಿಟ್ಸ್‌ನ ಆ ಸಂಜೆಗಳು ನೆನಪಾಗುತ್ತವೆ.

ಆಮೇಲೆ ಅವನು ವಾದಕ್ಕಿಂತ ವಿವರ ಕೊಡ್ತಾನೆ, ಅದೇ ಪುಸ್ತಿಕೆಯ ಬಲ. ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಜನರನ್ನು ಮಲಗಿಸುತ್ತಿದ್ದದ್ದು, ಒಬ್ಬ ಹೊರಳಿದರೆ ಸರಪಳಿಯ ಇನ್ನೊಬ್ಬನಿಗೆ ಗಾಯವಾಗುತ್ತಿದ್ದದ್ದು, ನಾವಿಕರ ಕೈಗೆ ಸಿಕ್ಕ ಹೆಂಗಸರ ಪಾಡು. ರಾತ್ರಿ ಅಳುತ್ತಿದ್ದ ಕೂಸನ್ನು ತಾಯಿಯ ಕೈಯಿಂದ ಕಿತ್ತು ಸಮುದ್ರಕ್ಕೆ ಎಸೆದ ಒಬ್ಬ ಹಡಗಿನ ಅಧಿಕಾರಿಯ ಕಥೆ. ಇದನ್ನೆಲ್ಲ ಕಣ್ಣಾರೆ ಕಂಡ ಒಬ್ಬ ಕ್ಯಾಪ್ಟನ್, ಅದೂ ದೊಡ್ಡ ಹೆಸರಿನ ಪಾದ್ರಿ ಹೇಳುವಾಗ ಅಲ್ಲಗಳೆಯೋದು ಕಷ್ಟ. ಅದೇ ವರ್ಷ ರಾಜನ ಮಂತ್ರಾಲೋಚನಾ ಸಭೆಯ ಮುಂದೆ, 1790ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ವಯಸ್ಸು, ಮರ್ಯಾದೆ, ಮೂರು ದಶಕ ಕಟ್ಟಿದ ಹೆಸರು, ಎಲ್ಲ ಪಣಕ್ಕಿಟ್ಟು ಮಾಡಿದ ಕೆಲಸ. ಅದನ್ನು ನಾನು ಚಿಕ್ಕದು ಮಾಡಲಾರೆ.

ಆದರೂ ಒಂದು ಕಡೆ ಕಣ್ಣು ನಿಲ್ಲುತ್ತೆ. ಹೆಬ್ಬೆರಳಿನ ತಿರುಪಿನ ವಿಷಯ ಆ ಪುಸ್ತಿಕೆಯಲ್ಲೂ ಬರುತ್ತದೆ. ಅದಕ್ಕೆ ಸಿಕ್ಕವರು ಗಂಟೆಗಟ್ಟಲೆ, ದಿನಗಟ್ಟಲೆ ಒದ್ದಾಡಿದ್ದನ್ನು ನಾನು ನೋಡಿದ್ದೇನೆ ಅಂತ ಬರೀತಾನೆ. ನೋಡಿದ್ದೇನೆ. ಲಾಗ್ ಪುಸ್ತಕದಲ್ಲಿರುವುದು ಬೇರೆ ಕ್ರಿಯಾಪದ, ಮಾಡಿಸಿದೆ ಅನ್ನೋದು. ತಪ್ಪೊಪ್ಪಿಗೆಗಾಗಿಯೇ ಕೂತು ಬರೆದ ಪುಸ್ತಕದಲ್ಲಿ ಕೂಡ ಆ ಕ್ರಿಯಾಪದದವರೆಗೆ ಅವನ ಕೈ ಹೋಗಲಿಲ್ಲ. ಸುಳ್ಳು ಹೇಳಿದ ಅಂತ 1788ರಲ್ಲಿ ಯಾರಿಗೂ ಅನ್ನಿಸುವ ಹಾಗಿರಲಿಲ್ಲ, ಯಾಕೆಂದರೆ ಲಾಗ್ ಪುಸ್ತಕ ಅಚ್ಚಾಗಿ ಜನರ ಕೈಗೆ ಬಂದದ್ದು 1962ರಲ್ಲಿ.

1789ರಲ್ಲಿ, ಅಂದರೆ ಪುಸ್ತಿಕೆಯ ಮರುವರ್ಷ, ಲಂಡನ್ನಿನಲ್ಲಿ ಇನ್ನೊಂದು ಆತ್ಮಕಥೆ ಬಂತು. ಬರೆದವನು ಒಲೌದಾ ಎಕ್ವಿಯಾನೊ, ಗುಲಾಮನಾಗಿದ್ದು ದುಡ್ಡು ಕೂಡಿಟ್ಟು ತನ್ನನ್ನು ತಾನೇ ಕೊಂಡು ಬಿಡಿಸಿಕೊಂಡವನು. ಅವನದೂ ಆತ್ಮಪರೀಕ್ಷೆಯ ಕಥೆಯೇ. ರಕ್ಷಣೆ ಸಿಗುತ್ತದೋ ಇಲ್ಲವೋ ಅನ್ನುವ ತಳಮಳದಲ್ಲಿ ವರ್ಷಗಟ್ಟಲೆ ಒದ್ದಾಡಿ, 1774ರಲ್ಲಿ ಹಡಗಿನ ಮೇಲೆಯೇ ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯದ 12ನೇ ವಚನ ಓದುವಾಗ ಬೆಳಕು ಕಂಡವನು. ಪುಸ್ತಕದ ಮೊದಲಲ್ಲಿರುವ ಚಿತ್ರದಲ್ಲಿ ಅವನ ಕೈಯಲ್ಲಿ ಸತ್ಯವೇದ ಅದೇ ಪುಟಕ್ಕೆ ತೆರೆದಿದೆ. ನೀವು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಇತರರಿಗೂ ಮಾಡಿ ಅಂತ ನಿಮ್ಮ ದೇವರು ಹೇಳಲಿಲ್ಲವೇ ಅಂತ ಅವನು ಓದುಗರನ್ನು ಕೇಳ್ತಾನೆ. ಕ್ಲೂನಿ ಕೇಳದೇ ಹೋದ ಪ್ರಶ್ನೆ. ನನ್ನ ಮಟ್ಟಿಗೆ ಈ ಎರಡು ಆತ್ಮಕಥೆಗಳನ್ನು ಒಟ್ಟಿಗೆ ಓದಬೇಕು. ಕೆಳಗಿನ ಅಂತಸ್ತಿನಲ್ಲಿದ್ದವನೂ ಅದೇ ಪುಸ್ತಕದ ಮುಂದೆ ಕೂತು ತನ್ನ ಮನಸ್ಸನ್ನು ಹುಡುಕುತ್ತಿದ್ದ ಅನ್ನೋದು ಆಗ ಗೊತ್ತಾಗುತ್ತೆ.

1790ರಲ್ಲಿ ಮೇರಿ ತೀರಿಕೊಂಡಳು. ನ್ಯೂಟನ್ ಕಣ್ಣು ಮಂಜಾದರೂ ಪ್ರಸಂಗ ಬಿಡಲಿಲ್ಲ. 1807ರ ಮಾರ್ಚ್ 25ರಂದು ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸುವ ಕಾನೂನು ಮಾಡಿತು. ಅವನು ಸತ್ತದ್ದು ಅದೇ ವರ್ಷದ ಡಿಸೆಂಬರ್ 21ರಂದು.

ಸಮಾಧಿಯ ಬರಹವನ್ನು ಅವನೇ ಬರೆದಿಟ್ಟಿದ್ದ. ಒಂದು ಕಾಲದಲ್ಲಿ ನಾಸ್ತಿಕ, ದುರಾಚಾರಿ, ಆಫ್ರಿಕಾದಲ್ಲಿ ಗುಲಾಮರಿಗೂ ಆಳಾಗಿದ್ದವನು, ಕ್ರಿಸ್ತನ ಕೃಪೆಯಿಂದ ಕ್ಷಮೆ ಪಡೆದು ಬೋಧಕನಾದ ಅನ್ನುವ ಅರ್ಥದ ಬರಹ. ಹೆಚ್ಚಿನ ಪ್ರವಾಸಿಗಳು ಅದರ ಫೋಟೋ ತೆಗೆದುಕೊಳ್ತಾರೆ. 1893ರಲ್ಲಿ ಅವನ ಅವಶೇಷಗಳನ್ನು ಲಂಡನ್ನಿನಿಂದ ತಂದು ಓಲ್ನಿಯ ಚರ್ಚಿನ ಆವರಣದಲ್ಲಿ ಹೂಳಿದ್ದಾರೆ. ಆ ಬರಹದಲ್ಲಿ ತಾನು ಆಳಾಗಿದ್ದದ್ದು ಇದೆ. ಮೂರು ಸಲ ಕ್ಯಾಪ್ಟನ್ ಆಗಿ ಹೋಗಿ ಬಂದದ್ದು ಇಲ್ಲ.

ಇವತ್ತಿಗೆ ಇಷ್ಟು. ಎಕ್ವಿಯಾನೊ ಬಗ್ಗೆ ಒಂದು ಪೂರ್ತಿ ಸಂಚಿಕೆಯೇ ಬೇಕು, ಮುಂದಿನ ಸಲ ಅಲ್ಲಿಂದ ಶುರು ಮಾಡೋಣ.